ಮೇಲ್ ಆ್ಯಪ್ ಸರ್ಟಿಫಿಕೇಟ್ ಒಪ್ಪುತ್ತಿಲ್ಲ

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಸ್ವಂತ ಡೊಮೇನ್‌ನ ಇಮೇಲ್ ಇದೆ. ಮೊನ್ನೆಯಿಂದ ಮೊಬೈಲ್‌ನ ಮೇಲ್ ಆ್ಯಪ್ ‘ಸರ್ಟಿಫಿಕೇಟ್ ಸರಿಯಿಲ್ಲ’ ಎನ್ನುತ್ತಿದೆ. ಬ್ರೌಸರ್‌ನಲ್ಲಿ ಮಾತ್ರ ಮೇಲ್ ತೆರೆದುಕೊಳ್ಳುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ‘ಎಲ್ಲ ಸರ್ಟಿಫಿಕೇಟ್ ಒಪ್ಪಿಕೊಳ್ಳಿ’ ಅಂತಿದೆ. ಒತ್ತಬಹುದೇ?

ಉತ್ತರ: ದಯವಿಟ್ಟು ಒತ್ತಬೇಡಿ. ಒತ್ತಿದರೆ ನಡುವೆ ಯಾರೇ ಕೂತು ನಕಲಿ ಸರ್ವರ್ ತೋರಿಸಿದರೂ ಆ್ಯಪ್ ನಿಮ್ಮ ಪಾಸ್‌ವರ್ಡ್ ಅವರಿಗೆ ಕೊಟ್ಟುಬಿಡುತ್ತದೆ.

ಮೊದಲು ಫೋನಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಆಮೇಲೆ ಎಚ್ಚರಿಕೆಯ ಪರದೆಯಲ್ಲಿ ‘ವಿವರ’ ಒತ್ತಿ, ಎರಡು ವಿಷಯ ಓದಿ: ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ಎಂದಿನವರೆಗೆ ಚಾಲ್ತಿಯಲ್ಲಿದೆ.

ಹೆಸರು ಬೇರೆಯಿದ್ದರೆ, ಹೋಸ್ಟಿಂಗ್‌ನವರು ಕೊಟ್ಟ ಸರ್ವರ್ ಹೆಸರನ್ನೇ ಆ್ಯಪ್‌ನಲ್ಲಿ ಹಾಕಿ. ಅವರ ಪತ್ರದಲ್ಲೋ ಕಂಟ್ರೋಲ್ ಪ್ಯಾನೆಲ್‌ನಲ್ಲೋ ಅದು ಇರುತ್ತದೆ; ಎಚ್ಚರಿಕೆಯಲ್ಲಿ ಕಂಡ ಹೆಸರನ್ನು ನಂಬಿ ನಕಲು ಮಾಡಬೇಡಿ. ಸಾಮಾನ್ಯವಾಗಿ ಒಳಬರುವ ಮೇಲ್‌ಗೆ ಪೋರ್ಟ್ 993, ಹೊರಹೋಗುವುದಕ್ಕೆ 465 ಅಥವಾ 587.

ಅವಧಿ ಮುಗಿದಿದ್ದರೆ ನಿಮ್ಮ ಕೈಯಲ್ಲೇನೂ ಇಲ್ಲ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಇದರ ಮೇಲೆಯೇ. ಹೋಸ್ಟಿಂಗ್‌ನವರು ಬಳಸುತ್ತಿರಬಹುದಾದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್‌ಗಳು ಹೆಚ್ಚೆಂದರೆ 90 ದಿನ ಬಾಳುತ್ತವೆ. ಅವು ತಾವಾಗಿ ನವೀಕರಣಗೊಂಡರೂ ಮೇಲ್ ಸರ್ವರನ್ನು ರೀಲೋಡ್ ಮಾಡದಿದ್ದರೆ ಅದು ಹಳೆಯದನ್ನೇ ತೋರಿಸುತ್ತಿರುತ್ತದೆ. ಬ್ರೌಸರ್‌ಗೆ ಮಾತ್ರ ಹೊಸದು ಸಿಗುತ್ತದೆ. ಪರದೆಯ ಸ್ಕ್ರೀನ್‌ಶಾಟ್ ಸಮೇತ ಹೋಸ್ಟಿಂಗ್‌ನವರಿಗೆ ಇಂದೇ ದೂರು ಕೊಡಿ; ಸರಿಹೋಗುವವರೆಗೆ ಬ್ರೌಸರ್‌ನಲ್ಲೇ ಮೇಲ್ ನೋಡಿ.

ಆಂಡ್ರಾಯ್ಡ್ 7.0 ಅಥವಾ ಅದಕ್ಕಿಂತ ಹಳೆಯ ಫೋನಾದರೆ ಕಥೆ ಬೇರೆ: ಲೆಟ್ಸ್ ಎನ್‌ಕ್ರಿಪ್ಟ್‌ನ ಈಗಿನ ಮೂಲ ಸರ್ಟಿಫಿಕೇಟ್ ಅದರಲ್ಲಿ ಇರುವುದಿಲ್ಲ. ಅಪ್‌ಡೇಟ್ ಸಿಗದಿದ್ದರೆ ಫೋನ್ ಬದಲಿಸಬೇಕು.

ಈಗಾಗಲೇ ‘ಎಲ್ಲ ಸರ್ಟಿಫಿಕೇಟ್ ಒಪ್ಪಿಕೊಳ್ಳಿ’ ಆಯ್ಕೆ ಒತ್ತಿದ್ದರೆ ತೆಗೆದುಹಾಕಿ, ಬ್ರೌಸರ್‌ನಿಂದ ಪಾಸ್‌ವರ್ಡ್ ಬದಲಿಸಿ. ಒಂದೇ ವೈಫೈನಲ್ಲಿ ಮಾತ್ರ ಎಚ್ಚರಿಕೆ ಬರುತ್ತಿದ್ದರೆ ಆ ವೈಫೈ ಬಿಟ್ಟು, ನೆಟ್‌ವರ್ಕ್ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ.