ಕಾಲು ನೊಂದ ನಾಯಿಯ ಶುಶ್ರೂಷೆ: ಸಂಧಿಗಳ ರಚನೆ ಮತ್ತು ರಕ್ಷಣೆ

ಕನ್ನಡ ನಾಡಿನಲ್ಲಿ ನಾಯಿಗೆ ಸಂದಿರುವ ಗೌರವ ಅಲ್ಪವಾದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನ ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗ ಬೂತುಗನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಹಾವಿನಹಾಳ ಕಲ್ಲಯ್ಯನವರು ತಮ್ಮ ನಾಯಿಯಿಂದ ವೇದವನ್ನು ಓದಿಸಿದರೆಂಬ ಶರಣಕಥೆಯನ್ನು ಈ ಸಂಚಿಕೆಯ ಓದುಗರು ಬಲ್ಲರು.

ಸತ್ತ ನಾಯಿಗೆ ಕಲ್ಲು ನೆಟ್ಟ ಇದೇ ನಾಡಿನಲ್ಲಿ ಬದುಕಿರುವ ನಾಯಿಯ ಕಾಲು ಮುರಿದರೆ ನಡೆಯುವುದೇನು? ಒಂದು ಮನೆಯಲ್ಲಿ ಬಿದಿರಿನ ದಬ್ಬೆ ಇಟ್ಟು ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಇನ್ನೊಂದರಲ್ಲಿ ಬರೆ ಹಾಕುತ್ತಾರೆ. ಮತ್ತೊಂದರಲ್ಲಿ ಮನೆಯವರ ಮಂಡಿನೋವಿಗೆ ತಂದ ಗುಳಿಗೆಯನ್ನೇ ರೊಟ್ಟಿಯೊಳಗಿಟ್ಟು ತಿನ್ನಿಸುತ್ತಾರೆ. ಏನೂ ಮಾಡದೆ "ಮೂರು ಕಾಲಲ್ಲಿ ಓಡಾಡಿಕೊಂಡಿರುತ್ತದೆ ಬಿಡಿ" ಎನ್ನುವವರೂ ಉಂಟು. ಇವರಲ್ಲಿ ಬಹುಮಂದಿ ನಿರ್ದಯರಲ್ಲ, ತಿಳಿಯದವರು. ಆದ್ದರಿಂದ ನಾಯಿಯ ಕಾಲಿನ ರಚನೆಯನ್ನೂ, ಅದು ನೊಂದಾಗ ಮಾಡಬೇಕಾದ ಶುಶ್ರೂಷೆಯ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಸಾಮಾನ್ಯ ತಪ್ಪು ಗ್ರಹಿಕೆಯನ್ನು ತಿದ್ದಬೇಕು. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿರುವ ಎದ್ದುಕಾಣುವ ಕೀಲನ್ನು ಅದರ ಮೊಣಕಾಲೆಂದು ಜನ ಭಾವಿಸುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಪಕ್ಕದಲ್ಲಿದ್ದು, ನಮ್ಮದರಂತೆಯೇ ಮುಂದಕ್ಕೆ ಮುಖಮಾಡಿರುತ್ತದೆ. ನಾಯಿ ನಡೆಯುವುದು ಅಂಗಾಲಿನ ಮೇಲಲ್ಲ, ಬೆರಳುಗಳ ಮೇಲೆ. ದೇಹದ ಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೂ ಶೇ. 40ರಷ್ಟನ್ನು ಹಿಂಗಾಲುಗಳೂ ಹೊರುತ್ತವೆ. ಅಷ್ಟು ಭಾರ ಹೊರುವ ಮುಂಗಾಲಿಗೂ ಬೆನ್ನೆಲುಬಿಗೂ ನಡುವೆ ಎಲುಬಿನ ಸಂಬಂಧವೇ ಇಲ್ಲ. ಕೇವಲ ಮಾಂಸಖಂಡಗಳ ಜೋಲಿಯಲ್ಲಿ ಎದೆಗೂಡು ತೂಗಿಕೊಂಡಿರುತ್ತದೆ. ನೋವಾದ ಕಾಲಿನ ಮಾಂಸಖಂಡ ಸೊರಗಬಾರದೆಂದು ವೈದ್ಯರು ಒತ್ತಿ ಹೇಳುವುದರ ಮರ್ಮ ಇಲ್ಲಿದೆ.

ಎಲುಬುಗಳು ಕೂಡುವೆಡೆಗೆ ಸಂಧಿಯೆಂದು ಹೆಸರು. ವ್ಯಾಕರಣದಲ್ಲಿ ಅಕ್ಷರಗಳು ಕಾಲವಿಳಂಬವಿಲ್ಲದೆ ಒಂದಕ್ಕೊಂದು ಕೂಡಿದರೆ ಸಂಧಿ. ದೇಹದಲ್ಲಾದರೋ ಎಲುಬಿಗೆ ಎಲುಬು ತಾಗಲೇಬಾರದು, ತಾಗಿದರೆ ಅದೇ ರೋಗ. ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಸುತ್ತಲೂ ಒಂದು ಚೀಲ, ಅದರೊಳಗೆ ಮೊಟ್ಟೆಯ ಬಿಳಿಯಂತೆ ಜಿಗುಟಾದ ಸಂಧಿರಸ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆಯುವಾಗ ಅದು ಅಮುಕಲ್ಪಟ್ಟು, ಮತ್ತೆ ಸಡಿಲಗೊಂಡು, ಸಂಧಿರಸವನ್ನು ಹೀರಿಕೊಂಡೇ ತನ್ನ ಪೋಷಣೆಯನ್ನು ಪಡೆಯುತ್ತದೆ. ಎಂದರೆ ಅತಿಯಾದ ಓಟದಂತೆ ಅತಿಯಾದ ನಿಶ್ಚಲತೆಯೂ ಸಂಧಿಗೆ ಹಾನಿಕರ. ರಕ್ತವಿಲ್ಲದ ಕಾರಣ, ಒಮ್ಮೆ ಸವೆದ ಮೃದ್ವಸ್ಥಿ ಮೊದಲಿನಂತೆ ಬೆಳೆಯುವುದಿಲ್ಲ. ಮೊಣಕಾಲಿನೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ಬಂಧಗಳಿವೆ. ಅವುಗಳಲ್ಲಿ ಮುಂದಿನದು ಹರಿಯುವುದು ನಾಯಿಗಳ ಹಿಂಗಾಲಿನ ಕುಂಟಿಗೆ ಅತಿ ಸಾಮಾನ್ಯವಾದ ಕಾರಣಗಳಲ್ಲೊಂದು. ಈ ಬಂಧ ಬಹುಪಾಲು ನಾಯಿಗಳಲ್ಲಿ ತಿಂಗಳುಗಟ್ಟಲೆ ಒಳಗೊಳಗೇ ಸವೆದು, ಒಂದು ದಿನ ಸಣ್ಣ ನೆಗೆತಕ್ಕೆ ಹರಿಯುತ್ತದೆ. ಒಂದು ಕಾಲಿನಲ್ಲಿ ಹೀಗಾದ ಅನೇಕ ನಾಯಿಗಳಿಗೆ ಮುಂದೆ ಇನ್ನೊಂದರಲ್ಲಿಯೂ ಹಾಗೆಯೇ ಆಗುವುದುಂಟು.

ಎಲುಬು ಮುರಿಯುವುದಕ್ಕೆ ಇಂದು ಮುಖ್ಯ ಕಾರಣ ರಸ್ತೆಯ ವಾಹನಗಳು. ಘಟಪ್ರಭೆಯ ದಡದ ಮುಧೋಳದ ಬೇಟೆನಾಯಿಯಂತಹ ಓಟದ ತಳಿಗಳಿಗೆ ವಾಹನವೇ ಬೇಕೆಂದಿಲ್ಲ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಚಿತ್ರಿತವಾದ ಈ ತಳಿಯ ಕಾಲು ನೀಳ, ಮೈಯಲ್ಲಿ ಕೊಬ್ಬು ಅತ್ಯಲ್ಪ. ಮೊಲದ ಬೆನ್ನಟ್ಟಿ ಕೂಳೆಯ ಹೊಲದಲ್ಲಿ ಹಠಾತ್ತಾಗಿ ತಿರುಗಿದಾಗ ಅದರ ಬೆರಳು, ಮಣಿಕಟ್ಟುಗಳು ಉಳುಕುತ್ತವೆ, ಮುರಿಯಲೂಬಹುದು.

ನಾಯಿಯ ನೋವನ್ನು ಗುರುತಿಸುವುದಕ್ಕೆ ಕಿವಿಗಿಂತ ಕಣ್ಣು ಮುಖ್ಯ. ಅದು ನೋವನ್ನು ಅಡಗಿಸುವ ಪ್ರಾಣಿ. ಅಳಲಿಲ್ಲವೆಂದು ನೋವಿಲ್ಲವೆಂದು ತಿಳಿಯಲಾಗದು. ಅದನ್ನು ಸಮನೆಲದ ಮೇಲೆ ಮೆಲ್ಲನೆ ನಡೆಸಿ ನೋಡಬೇಕು. ಮುಂಗಾಲು ನೊಂದಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲಿನ ಮೇಲೆ ತಲೆ ಬಾಗುತ್ತದೆ. ಹಿಂಗಾಲು ನೊಂದಿದ್ದರೆ ಆ ಕಡೆಯ ಸೊಂಟ ಏರುಪೇರಾಗಿ ಚಲಿಸುತ್ತದೆ. ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಹತ್ತುತ್ತಿದ್ದ ಕಟ್ಟೆಯನ್ನು ಹತ್ತದೆ ನಿಲ್ಲುವುದು, ಇವೆಲ್ಲ ನೋವಿನ ಭಾಷೆಯೇ.

ಅಪಘಾತವಾದ ಕ್ಷಣದಲ್ಲಿ ಕಾಲಿಗಿಂತ ಮೊದಲು ನೋಡಬೇಕಾದುದು ಉಸಿರಾಟವನ್ನು ಮತ್ತು ಒಸಡಿನ ಬಣ್ಣವನ್ನು. ಒಸಡು ಬಿಳಿಚಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು, ಅದು ಪ್ರಾಣಾಪಾಯ. ಉಸಿರು ಸರಾಗವಾಗಿದ್ದರೆ ಬಾಯಿಗೆ ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಬೇಕು, ಏಕೆಂದರೆ ಎಷ್ಟೇ ಸಾಧುವಾದ ನಾಯಿಯೂ ನೋವಿನಲ್ಲಿ ಒಡೆಯನನ್ನು ಕಚ್ಚೀತು. (ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ವೈದ್ಯರನ್ನು ಕಾಣತಕ್ಕದ್ದು.) ತೆರೆದ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿ, ನಾಯಿಯನ್ನು ಹಲಗೆಯ ಮೇಲೆ, ಅಥವಾ ನಾಲ್ಕು ಮೂಲೆ ಹಿಡಿದ ಕಂಬಳಿಯಲ್ಲಿ ಮಲಗಿಸಿ ಪಶುವೈದ್ಯರ ಬಳಿಗೆ ಒಯ್ಯಬೇಕು. ಸೊಟ್ಟಗಾದ ಕಾಲನ್ನು ಎಳೆದು ನೇರ ಮಾಡುವ ಸಾಹಸ ಕೂಡದು.

ಕಟ್ಟಿನ ವಿಷಯದಲ್ಲಿ ನಮ್ಮ ಪ್ರಾಚೀನರ ಎಚ್ಚರಿಕೆ ಸ್ಮರಣೀಯವಾದುದು. ಕೀರ್ತಿವರ್ಮನ 'ಗೋವೈದ್ಯ'ದಂತಹ ಗ್ರಂಥ ಕನ್ನಡದಲ್ಲಿ ಹಸುಗಳಿಗಾಗಿ ಹುಟ್ಟಿತು. ಮುರಿದ ಎಲುಬಿನ ಚಿಕಿತ್ಸೆಯನ್ನು ವಿಸ್ತಾರವಾಗಿ ಹೇಳುವುದು ಮಾನವರಿಗಾಗಿ ರಚಿತವಾದ ಸುಶ್ರುತ ಸಂಹಿತೆ. ಅದರ ಚಿಕಿತ್ಸಾಸ್ಥಾನದಲ್ಲಿ ಭಗ್ನದ ಅಧ್ಯಾಯವಿದೆ. ಕಟ್ಟು ಸಡಿಲವಾದರೆ ಸಂಧಿ ಸ್ಥಿರವಾಗದು, ಬಿಗಿಯಾದರೆ ಊತ, ನೋವು, ಕೀವು ತಲೆದೋರುತ್ತವೆ, ಆದ್ದರಿಂದ ಮಧ್ಯಮವಾಗಿ ಕಟ್ಟಬೇಕೆಂಬುದು ಅಲ್ಲಿನ ವಿಧಿ. ತಂಪಿನ ಕಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ 5 ದಿನಕ್ಕೊಮ್ಮೆ, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದೂ ಹೇಳಿದೆ. ನಾಟಿ ವೈದ್ಯವೆಂದು ಇಂದು ನಡೆಯುವ ದಬ್ಬೆಯ ಕಟ್ಟಿನಲ್ಲಿ ದಬ್ಬೆ ಉಳಿದಿದೆ, ಈ ಎಚ್ಚರಿಕೆ ಮರೆಯಾಗಿದೆ. ಬಿಗಿದು ಕಟ್ಟಿ ತಿಂಗಳು ಬಿಟ್ಟ ಕಾಲು ರಕ್ತ ಸಂಚಾರವಿಲ್ಲದೆ ಕೊಳೆಯುತ್ತದೆ. ಎಲುಬು ಮುರಿದುದರಿಂದ ಹೋಗದಿದ್ದ ಕಾಲು ಕಟ್ಟಿನಿಂದ ಹೋಗುತ್ತದೆ. ಪಶುವೈದ್ಯರು ಕಟ್ಟಿದ ಕಟ್ಟಿನಲ್ಲಿಯೂ ಹೊರಗೆ ಕಾಣುವ ಬೆರಳುಗಳನ್ನು ದಿನಕ್ಕೆರಡು ಬಾರಿ ಮುಟ್ಟಿ ನೋಡಬೇಕು. ಬೆರಳು ಬಾತಿದ್ದರೆ, ತಣ್ಣಗಿದ್ದರೆ, ದುರ್ವಾಸನೆ ಬಂದರೆ, ನಾಯಿ ಕಟ್ಟನ್ನು ಕಡಿಯತೊಡಗಿದರೆ, ಆ ದಿನವೇ ಅದನ್ನು ಬಿಚ್ಚಿಸತಕ್ಕದ್ದು. ಕೊಟ್ಟಿಗೆಯ ಗಂಜಳ, ಮಳೆನೀರು ಕಟ್ಟಿಗೆ ತಾಗದಂತೆ ಕಾಯಬೇಕು.

ಎಲ್ಲ ಮುರಿತಕ್ಕೂ ಕಟ್ಟು ಸಾಲದು. ತೊಡೆಯೆಲುಬಿನ ಮುರಿತವನ್ನು ಹೊರಗಿನ ಕಟ್ಟಿನಿಂದ ಸ್ಥಿರಗೊಳಿಸಲಾಗದು, ಶಸ್ತ್ರಕ್ರಿಯೆಯಿಂದ ಸಲಾಕೆಯನ್ನೋ ಲೋಹದ ಪಟ್ಟಿಯನ್ನೋ ಅಳವಡಿಸಬೇಕಾಗುತ್ತದೆ. ಕ್ಷ-ಕಿರಣದ ಚಿತ್ರ ತೆಗೆಯದೆ ಇದನ್ನು ನಿರ್ಣಯಿಸುವಂತಿಲ್ಲ.

ಈಗ ಶುಶ್ರೂಷೆಯ ಅತ್ಯಂತ ಕಠಿಣವಾದ ಘಟ್ಟ. ಎರಡು ಮೂರು ವಾರಗಳಾಗುತ್ತಲೇ ನಾಯಿಗೆ ನೋವು ಕಡಮೆಯಾಗುತ್ತದೆ, ಅದು ಬಾಲವಾಡಿಸಿ ಅಂಗಳಕ್ಕೆ ಹಾರುತ್ತದೆ, ಮನೆಯವರು ಸಂತೋಷದಿಂದ ಹಗ್ಗ ಬಿಚ್ಚುತ್ತಾರೆ. ಅನೇಕ ನಾಯಿಗಳ ಕಾಲು ಎರಡನೆಯ ಬಾರಿ ಕೆಡುವುದು ಆ ದಿನವೇ. ನೋವು ಹೋದದ್ದು ಬೇರೆ, ಎಲುಬು ಕೂಡಿದ್ದು ಬೇರೆ. ಕೆಲವು ತಿಂಗಳ ಮರಿಯ ಎಲುಬು 3-4 ವಾರಗಳಲ್ಲಿ ಕೂಡೀತು. ಬೆಳೆದ ನಾಯಿಗೆ 8ರಿಂದ 12 ವಾರಗಳು ಬೇಕಾಗುವುದು ಸಾಮಾನ್ಯ, ಮುದಿಯಾದುದಕ್ಕೆ ಇನ್ನೂ ಹೆಚ್ಚು. ಸುಶ್ರುತವು ಮನುಷ್ಯರಿಗೆ ಬಾಲ್ಯದಲ್ಲಿ ಒಂದು ತಿಂಗಳು, ಮಧ್ಯವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲವನ್ನು ವಿಧಿಸಿರುವುದು ಇದಕ್ಕೆ ಹೊಂದುತ್ತದೆ. ಅಲ್ಲಿಯವರೆಗೆ ನಾಯಿಯನ್ನು ಎದ್ದು ಹೊರಳಲು ಎಡೆಯಿರುವಷ್ಟು ಚಿಕ್ಕ ಸ್ಥಳದಲ್ಲಿರಿಸಿ, ಮಲಮೂತ್ರಕ್ಕೆ ಮಾತ್ರ ಕೈಯಲ್ಲಿ ಹಿಡಿದು ಹೊರತರಬೇಕು. ಉದ್ದ ಹಗ್ಗದಲ್ಲಿ ಕಂಬಕ್ಕೆ ಕಟ್ಟುವುದು ವಿಶ್ರಾಂತಿಯಲ್ಲ. ಬೆಕ್ಕು ಕಂಡಾಗ ಅದು ಹಗ್ಗ ಮುಗಿಯುವವರೆಗೆ ಓಡಿ ಜಗ್ಗಿಸಿಕೊಳ್ಳುತ್ತದೆ. ನುಣುಪಾದ ಕಲ್ಲುಹಾಸಿನ ನೆಲ ನೊಂದ ಕಾಲಿಗೆ ಶತ್ರು, ಅದರ ಮೇಲೆ ಗೋಣಿತಟ್ಟು, ಕಂಬಳಿ ಹಾಸುವುದು ಒಳ್ಳೆಯದು.

ಔಷಧದ ಬಗ್ಗೆ ಒಂದೇ ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಮನುಷ್ಯರ ನೋವಿನ ಗುಳಿಗೆಯನ್ನು ನಾಯಿಗೆ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಅದರ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ವಿಷ. ಡೈಕ್ಲೊಫೆನಾಕ್ ಪಡೆದ ದನಗಳ ಹೆಣ ತಿಂದು ರಣಹದ್ದುಗಳು ಅಳಿದುದರಿಂದ 2006ರಲ್ಲಿ ಭಾರತವು ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತೆಂಬುದನ್ನು ನೆನೆದರೆ, ಒಂದು ಜೀವಿಯ ಔಷಧ ಇನ್ನೊಂದಕ್ಕೆ ವಿಷವಾಗುವ ಬಗೆ ತಿಳಿಯುತ್ತದೆ. ನಾಯಿಗಳಿಗೆಂದೇ ಪರೀಕ್ಷಿತವಾದ ನೋವಿನ ಔಷಧಗಳಿವೆ. ಅವನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಹೊಸದಾಗಿ ಉಳುಕಿದ ಕೀಲಿಗೆ ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಹಿಡಿಯಬಹುದು. ಹಳೆಯ ಬಿಗಿತಕ್ಕೆ ಹದವಾದ ಶಾಖ ಹಿತ. ಕುದಿಯುವ ಎಣ್ಣೆ, ಬರೆಗಳಿಂದ ಚರ್ಮ ಸುಡುವುದಲ್ಲದೆ ಬೇರೆ ಫಲವಿಲ್ಲ.

ಎಲುಬು ಕೂಡಿತೆಂದು ವೈದ್ಯರು ಹೇಳಿದ ಮೇಲೆ ನಡಿಗೆಯನ್ನು ಮತ್ತೆ ಕಲಿಸಬೇಕು. ಮೊದಲು ದಿನಕ್ಕೆ ಎರಡು ಮೂರು ಬಾರಿ, ಐದೈದು ನಿಮಿಷ, ಬಹಳ ಮೆಲ್ಲನೆ. ಮೆಲ್ಲನೆ ಎಂಬುದಕ್ಕೆ ಕಾರಣವುಂಟು. ವೇಗವಾಗಿ ನಡೆಸಿದರೆ ನಾಯಿ ನೊಂದ ಕಾಲನ್ನು ಎತ್ತಿಕೊಂಡು ಮೂರರಲ್ಲಿ ಕುಪ್ಪಳಿಸುತ್ತದೆ, ನಿಧಾನವಾದಾಗ ನಾಲ್ಕನ್ನೂ ಊರಲೇಬೇಕಾಗುತ್ತದೆ. ವಾರ ವಾರಕ್ಕೆ ಕೆಲವು ನಿಮಿಷ ಹೆಚ್ಚಿಸಿ, ಅನಂತರ ಸಣ್ಣ ಏರು ಹತ್ತಿಸಬೇಕು. ಗಾಯ ಪೂರ್ಣ ಮಾಗಿದ್ದರೆ ನೀರಿನಲ್ಲಿ ನಡೆಸುವುದು ಉತ್ತಮ ಸಾಧನ. ನೀರು ಸೊಂಟದ ಕೀಲಿನ ಮಟ್ಟಕ್ಕಿದ್ದಾಗ ಕಾಲುಗಳ ಮೇಲೆ ಬೀಳುವ ಭಾರ ನೆಲದ ಮೇಲಿನದರ ಅರ್ಧಕ್ಕಿಂತಲೂ ಕಡಮೆ. ಹರಿಯುವ ಹೊಳೆ ಬೇಡ. ನಿಂತ ನೀರಿನ ಗಟ್ಟಿತಳದ ಅಂಚು ಸಾಕು. ಸುಧಾರಣೆಯನ್ನು ಅಳೆಯಲು ಒಂದು ಟೇಪು ಸಾಕು. ಎರಡೂ ತೊಡೆಗಳ ಸುತ್ತಳತೆಯನ್ನು ಒಂದೇ ಎತ್ತರದಲ್ಲಿ ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಟ್ಟರೆ ಸೊರಗಿದ ಮಾಂಸಖಂಡ ತುಂಬುತ್ತಿದೆಯೇ ಎಂಬುದು ತಿಳಿಯುತ್ತದೆ.

ಆಹಾರದ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ವಿಶೇಷ ಪ್ರಶ್ನೆಯಿದೆ. ರೊಟ್ಟಿ, ಅನ್ನ, ಹಾಲಿನ ಮೇಲೆ ಬೆಳೆದ ನಾಯಿಗೆ ಪಿಷ್ಟ ಹೆಚ್ಚು, ಮಾಂಸಖಂಡ ಕಟ್ಟುವ ಪ್ರೋಟೀನು ಕಡಮೆ. ಮೊಸರು, ಬೇಯಿಸಿದ ಬೇಳೆ, ಒಪ್ಪುವವರು ಮೊಟ್ಟೆ ಕೊಟ್ಟು ಇದನ್ನು ಸರಿದೂಗಿಸಬೇಕು. ಉಳಿದ ಸಾರು, ಪಲ್ಯ ಹಾಕುವವರು ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆಂಬುದನ್ನು ಅರಿತಿರಬೇಕು. ಸವೆದ ಸಂಧಿಗೆ ಮೀನೆಣ್ಣೆಯಿಂದ ಸ್ವಲ್ಪ ಉಪಯೋಗವಿದೆಯೆಂದು ಪರೀಕ್ಷೆಗಳು ತೋರಿಸಿವೆ. ಅದರ ಬದಲು ಅಗಸೆ ಕೊಡಬಹುದೇ ಎಂದು ಶಾಕಾಹಾರಿಗಳು ಕೇಳುವುದುಂಟು. ಅಗಸೆಯ ಕೊಬ್ಬನ್ನು ಬೇಕಾದ ರೂಪಕ್ಕೆ ಪರಿವರ್ತಿಸುವ ಶಕ್ತಿ ನಾಯಿಯ ದೇಹಕ್ಕೆ ಅಲ್ಪವಾದುದರಿಂದ ಅದು ಸಮನಾದ ಬದಲಿಯಲ್ಲ. ಅಂಗಡಿಗಳಲ್ಲಿ ಮಾರುವ ಗ್ಲುಕೋಸಮೀನ್ ಪುಡಿಗಳ ಗುಣ ಅವುಗಳ ಬೆಲೆಯಷ್ಟಿಲ್ಲ. ಬೆಳೆಯುವ ದೊಡ್ಡ ತಳಿಯ ಮರಿಗೆ ಸುಣ್ಣದ ಗುಳಿಗೆಗಳನ್ನು ತಾವೇ ತಂದು ಕೊಡುವುದರಿಂದ ಎಲುಬು ಗಟ್ಟಿಯಾಗದೆ ವಿಕಾರವಾಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಔಷಧಕ್ಕೆ ಹಣವೇ ಬೇಡ. ಅದು ಮಿತಾಹಾರ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಮೆ ಆಹಾರವನ್ನು ಜೀವನಪರ್ಯಂತ ಕೊಟ್ಟು ನೋಡಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಮೆ ಉಂಡವುಗಳ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ಉಂಡವುಗಳದು 11.2 ವರ್ಷ; ಸಂಧಿವಾತವೂ ಕಡಮೆ ಉಂಡವುಗಳಲ್ಲಿ ತಡವಾಗಿ ಕಾಣಿಸಿಕೊಂಡಿತು. ವಿಶ್ರಾಂತಿಯಲ್ಲಿರುವ ನಾಯಿಗೆ ಅಯ್ಯೋ ಪಾಪವೆಂದು ಇನ್ನೊಂದು ರೊಟ್ಟಿ ಹಾಕುವ ಕರುಣೆ ಅದರ ಕೀಲಿಗೇ ಹೊರೆ. ಪಕ್ಕೆಲುಬು ಕೈಗೆ ಸಲೀಸಾಗಿ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಸಣ್ಣಗೆ ಕಾಣಬೇಕು. ತೂಕ ಸರಿಯಿದೆಯೆಂಬುದಕ್ಕೆ ಇದೇ ಗುರುತು.

ಕೆಲವೊಮ್ಮೆ ಏನು ಮಾಡಿದರೂ ಕಾಲು ಉಳಿಯುವುದಿಲ್ಲ, ಕತ್ತರಿಸಬೇಕಾಗುತ್ತದೆ. ಆಗ ನಾಯಿಯನ್ನು ಊರ ಹೊರಗೆ ಬಿಡಬೇಕಾದ ಅಗತ್ಯವೇನೂ ಇಲ್ಲ. ಬಹುಪಾಲು ನಾಯಿಗಳು ಕೆಲವೇ ವಾರಗಳಲ್ಲಿ ಮೂರು ಕಾಲಿನ ನಡಿಗೆಗೆ ಒಗ್ಗಿಕೊಂಡು, ಬಾಗಿಲು ಕಾಯುತ್ತ, ಮಕ್ಕಳೊಡನೆ ಆಡುತ್ತ ಬಾಳುತ್ತವೆ. ಭಾರದ ಹೆಚ್ಚಿನ ಪಾಲು ಮುಂದೆಯೇ ಇರುವುದರಿಂದ ಮುಂಗಾಲು ಕಳೆದುಕೊಂಡುದಕ್ಕೆ ಹಿಂಗಾಲು ಕಳೆದುಕೊಂಡುದಕ್ಕಿಂತ ಕಷ್ಟ ಹೆಚ್ಚು. ಅದರ ಉಳಿದ ಮುಂಗಾಲಿನ ಮಣಿಕಟ್ಟನ್ನು ಆಗಾಗ ಪರೀಕ್ಷಿಸುತ್ತ, ಕಟ್ಟೆಯಿಂದ ನೆಲಕ್ಕೆ ಧುಮುಕಲು ಬಿಡದೆ, ಅಲ್ಲಿ ಒಂದು ಇಳಿಜಾರು ಹಲಗೆಯನ್ನು ಇಟ್ಟುಕೊಡಬೇಕು.