ಕಲಬುರಗಿ ಬಿಸಿಲಿನಲ್ಲಿ ನಾಯಿ, ಬೆಕ್ಕು ಸಾಕುವವರಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವುದು ನಮಗೆ ಹೊಸದೇನಲ್ಲ. ಆ ಧಗೆಗೆ ನಮ್ಮ ಮೈ ಬೆವರುತ್ತದೆ, ಬೆವರು ಆರಿದಂತೆ ತಣಿಯುತ್ತದೆ. ನಾಯಿಗೆ ಆ ಅನುಕೂಲವಿಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅಷ್ಟರಿಂದ ಮೈ ತಂಪಾಗುವುದಿಲ್ಲ. ನಾಲಿಗೆ ಚಾಚಿ ತೇಕುತ್ತ, ಬಾಯಿಯ ಪಸೆ ಆರಿಸಿಕೊಂಡೇ ಒಳಗಿನ ಕಾವನ್ನು ಹೊರಹಾಕಬೇಕು. ಮೊದಲ ಸಲ ನಾಯಿ ತಂದವರು ಇದೊಂದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಹಂತ 1: ಮಲಗುವ ಜಾಗ

ನಾಯಿಯನ್ನು ಎಲ್ಲಿ ಬಿಡುತ್ತೀರೋ ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀವೇ ಹತ್ತು ನಿಮಿಷ ಕೂತು ನೋಡಿ. ಬೆಳಿಗ್ಗೆ ನೆರಳಿದ್ದ ಮೂಲೆಗೆ ಆ ಹೊತ್ತಿಗೆ ಬಿಸಿಲು ಬಂದಿರಬಹುದು. ತಗಡಿನ ಶೀಟಿನ ಕೆಳಗೆ ನೆರಳಿದ್ದರೂ ಝಳ ತಲೆಯ ಮೇಲೆ ಇಳಿಯುತ್ತಲೇ ಇರುತ್ತದೆ. ಮಾಳಿಗೆಯ ಮೇಲಂತೂ ಬೇಡವೇ ಬೇಡ.

ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ನಮ್ಮ ಕಾಳ ಪಡಸಾಲೆಯ ಒಂದು ಪರಶಿಯ ಮೇಲೆ ಹೊಟ್ಟೆ ಊರಿ, ಹಿಂಗಾಲು ಚಾಚಿ ಮಲಗುತ್ತಾನೆ. ಅದು ಅವನ ಮೈ ಕಾವಿಗೆ ಬೆಚ್ಚಗಾದೊಡನೆ ಎದ್ದು ಪಕ್ಕದ ಪರಶಿಗೆ ಹೋಗುತ್ತಾನೆ. ಹೊಟ್ಟೆಯ ಭಾಗದಲ್ಲಿ ಕೂದಲು ಕಡಿಮೆ, ತಂಪು ಬೇಗ ತಾಗುತ್ತದೆ. ಹೀಗೆ ಜಾಗ ಬದಲಿಸಲು ಬಿಡಿ, ಗಿಡ್ಡ ಸರಪಳಿಯಲ್ಲಿ ಕಟ್ಟಬೇಡಿ.

ಕೂಲರ್ ಹಚ್ಚಿದರೆ ಒಂದು ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಗಾಳಿ ಹಸಿಯಾಗುತ್ತ ಹೋಗಿ ನಾಯಿಯ ಬಾಯಿಯ ಪಸೆ ಆರುವುದಿಲ್ಲ, ಎಷ್ಟು ತೇಕಿದರೂ ಉಪಯೋಗವಾಗುವುದಿಲ್ಲ. ಮಂಗಳೂರಿನಲ್ಲಿ ಬಿಸಿಲು ನಮ್ಮಷ್ಟಿಲ್ಲದಿದ್ದರೂ ಅಲ್ಲಿಯ ನಾಯಿಗಳು ಒದ್ದಾಡುವುದು ಇದೇ ಕಾರಣಕ್ಕೆ.

ಹಂತ 2: ನೀರು

ಹತ್ತು ಕಿಲೋ ತೂಗುವ ನಾಯಿಗೆ ಸಾಧಾರಣ ದಿನಗಳಲ್ಲೇ ಸುಮಾರು ಅರ್ಧ ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಲೆಕ್ಕ ಹಾಕದೆ ಎರಡು ಕಡೆ ಇಡಿ, ಒಂದನ್ನು ಕೆಡವಿದರೆ ಇನ್ನೊಂದು ಇರಲಿ. ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು, ನೀರು ತಣ್ಣಗಿರುತ್ತದೆ. ದಿನಾ ತಿಕ್ಕಿ ತೊಳೆಯಿರಿ, ಒಳಗೆ ಪಾಚಿಯ ಜಾರು ಕಟ್ಟುತ್ತದೆ.

ಬೆಕ್ಕು ನೀರು ಕುಡಿಯುವುದೇ ಕಡಿಮೆ. ಅದರ ನೀರನ್ನು ಊಟದ ತಟ್ಟೆಯಿಂದ ದೂರ ಇಟ್ಟು ನೋಡಿ, ಅನ್ನಕ್ಕೋ ಮೀನಿಗೋ ಸ್ವಲ್ಪ ನೀರು ಬೆರೆಸಿ. ನಾಯಿಗೆ ಒಗ್ಗಿದರೆ ಉಪ್ಪು, ಒಗ್ಗರಣೆ ಹಾಕದ ತೆಳು ಮಜ್ಜಿಗೆ ಕೊಡಬಹುದು. ಬೀಜ ತೆಗೆದ ಕಲ್ಲಂಗಡಿಯೂ ಆದೀತು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮಾತ್ರ ವಿಷ. ಮಾವಿನ ಓಟೆ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕಸದ ಬುಟ್ಟಿ ಮುಚ್ಚಿಡಿ.

ಹಂತ 3: ತಿರುಗಾಟ

ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿ. ಸಂಜೆ ಸೂರ್ಯ ಮುಳುಗಿದರೂ ಡಾಂಬರು ರಸ್ತೆ ಇನ್ನೂ ಕಾದಿರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ನಡುವೆ ಕೈ ತೆಗೆಯಬೇಕೆನಿಸಿದರೆ ನಾಯಿಯ ಅಂಗಾಲೂ ಸುಡುತ್ತದೆ, ವಾಪಸ್ ಹೋಗಿ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಕಡುಬೇಸಿಗೆಯಲ್ಲಿ ಓಡಿಸಲೇಬೇಡಿ, ಅವಕ್ಕೆ ಉಸಿರಾಟವೇ ಕಷ್ಟ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಯಾವ ಪ್ರಾಣಿಯನ್ನೂ ಬಿಡಬೇಡಿ. ಹೊರಗೆ 30 ಡಿಗ್ರಿ ಇದ್ದರೂ ಅರ್ಧ ಗಂಟೆಯಲ್ಲಿ ಒಳಗೆ 45 ದಾಟುತ್ತದೆ.

ಹಂತ 4: ಕೂದಲು

ದಟ್ಟ ಕೂದಲಿನ ನಾಯಿಯನ್ನು ಬೋಳಿಸಬೇಡಿ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ದಿನಾ ಬಾಚಿ ಉದುರಿದ್ದನ್ನು ತೆಗೆದರೆ ಸಾಕು. ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯೇ ನೋಡಿ.

ಹಂತ 5: ಬಿಸಿಲು ಬಡಿದರೆ

ಎರಡು ವರ್ಷದ ಹಿಂದೆ ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮೂರು ತಾಸು ಬರಲಿಲ್ಲ. ಕಾಳ ಬಾಗಿಲ ಬಳಿ ಮಲಗಿದ್ದ. ಹೆಸರು ಕೂಗಿದರೆ ಕಿವಿ ಕೂಡ ಅಲುಗಲಿಲ್ಲ. ತೇಕುವ ಸದ್ದು ಗರಗಸ ಎಳೆದಂತಿತ್ತು. ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು. ತುಟಿ ಎತ್ತಿ ನೋಡಿದರೆ ವಸಡು ಇಟ್ಟಿಗೆಯಂತೆ ಕೆಂಪಾಗಿತ್ತು. ಎಬ್ಬಿಸಿದರೆ ಹಿಂಗಾಲು ತೂರಾಡಿದವು. ಇವೇ ಬಿಸಿಲು ಬಡಿದ ಗುರುತುಗಳು, ಕೆಲವಕ್ಕೆ ವಾಂತಿ ಭೇದಿಯೂ ಆಗುತ್ತದೆ. ಬೆಕ್ಕು ಬಾಯಿ ತೆರೆದು ತೇಕತೊಡಗಿದರೆ ಅದೊಂದೇ ಸಾಕು, ತಕ್ಷಣ ಎಚ್ಚೆತ್ತುಕೊಳ್ಳಿ.

ಆ ದಿನ ನಾನು ಅವನನ್ನು ಎತ್ತಿಕೊಂಡು ಆಟೋಕ್ಕೆ ಓಡಲು ಹೊರಟಿದ್ದೆ. ಫೋನಿನಲ್ಲಿ ಡಾಕ್ಟರ್, “ಮೊದಲು ನೀರು ಹಾಕಿ, ಆಮೇಲೆ ಕರೆದುಕೊಂಡು ಬನ್ನಿ” ಅಂದರು. ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಂತಿತ್ತು. ಕುಡಿಯುವ ಕೊಡಗಳನ್ನೇ ಅವನ ಮೇಲೆ ಸುರಿದೆವು. ಅಂದಿನಿಂದ ಬೇಸಿಗೆ ಮುಗಿಯುವವರೆಗೆ ಬೆಳಗಿನ ತಣ್ಣೀರು ತುಂಬಿದ ಎರಡು ಬಕೆಟ್ ಬಚ್ಚಲಲ್ಲಿ ಇದ್ದೇ ಇರುತ್ತವೆ. ನೀವೂ ಇಡಿ.

ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಕಂಕುಳು, ಕುತ್ತಿಗೆಗೆ ನೀರು ಸುರಿಯುತ್ತಿರಿ. ಮೂಗು ಬಾಯಿಗೆ ಬೇಡ. ಒಬ್ಬರು ಬೀಸಣಿಗೆ ಹಿಡಿಯಲಿ, ನೀರು ಆರಿದಾಗಲೇ ಕಾವು ಇಳಿಯುವುದು. ಒದ್ದೆ ಟವೆಲ್ ಹೊದಿಸಿಟ್ಟರೆ ಕಾವು ಒಳಗೇ ಉಳಿಯುತ್ತದೆ. ತಾನಾಗಿ ಕುಡಿದರೆ ಕುಡಿಯಲಿ, ಬಾಯಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರವೆಂದುಕೊಂಡು ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿನ ಜೀವವನ್ನೇ ಅದು ತೆಗೆಯುತ್ತದೆ.

ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ನೋಡಿ. ನಾಯಿಯ ಮೈ ಉಷ್ಣತೆ ಆರೋಗ್ಯವಾಗಿದ್ದಾಗ 38.3ರಿಂದ 39.2 ಡಿಗ್ರಿ. ಬಿಸಿಲು ಬಡಿದ ನಾಯಿಯ ಉಷ್ಣತೆ 39.5ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗುತ್ತದೆ. ಆಮೇಲೆ ಒದ್ದೆ ಮೈಯಲ್ಲೇ, ಗಾಳಿ ಆಡುವ ಗಾಡಿಯಲ್ಲಿ ಪಶುವೈದ್ಯರ ಬಳಿ ಹೊರಡಿ.

ಎದ್ದು ಬಾಲ ಅಲ್ಲಾಡಿಸಿದರೂ ಹೊರಡಿ. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಎಷ್ಟು ಹೊತ್ತು ಬಿದ್ದಿತ್ತು, ವಾಂತಿಯಲ್ಲಿ ರಕ್ತವಿತ್ತೇ, ಮೂತ್ರದ ಬಣ್ಣ ಹೇಗಿತ್ತು ಎಂದು ಡಾಕ್ಟರಿಗೆ ಹೇಳಿ. ಕಾಳನಿಗೆ ಎರಡು ದಿನ ಸಲೈನ್ ಹಾಕಿದರು. ಮೂರನೆಯ ದಿನ ಬೆಳಿಗ್ಗೆ ತನ್ನ ಪರಶಿಯ ಮೇಲೆ ಬಂದು ಮಲಗಿದ.