ಕೆಲಸ ಕೊಡುವವರೇ ಕಾಸು ಕೇಳಿದಾಗ

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಮುಗಿಸಿದವಳು. ಎಂಟು ತಿಂಗಳ ಕೂಸಿದೆ, ಹೊರಗೆ ದುಡಿಯಲು ಆಗದು. ಫೇಸ್‌ಬುಕ್‌ನಲ್ಲಿ ಡೇಟಾ ಎಂಟ್ರಿ ಕೆಲಸದ ಜಾಹೀರಾತು ನೋಡಿ ಆಧಾರ್, ಸಹಿ ಎಲ್ಲ ಕಳಿಸಿದೆ. ಐದು ದಿನ ಹಗಲೂ ರಾತ್ರಿ ಫಾರಂ ಟೈಪ್ ಮಾಡಿದೆ. ತಪ್ಪು ಜಾಸ್ತಿ ಇವೆ, ಕರಾರು ಮುರಿದಿದ್ದೀರಿ ಎಂದರು. ಈಗ ವಾಟ್ಸ್‌ಆ್ಯಪ್‌ಗೆ ಕೋರ್ಟ್ ನೋಟಿಸು ಬಂದಿದೆ. ಸಂಜೆಯೊಳಗೆ 6,500 ರೂಪಾಯಿ ಕಟ್ಟದಿದ್ದರೆ ಮನೆಗೆ ಪೊಲೀಸರನ್ನು ಕಳಿಸುತ್ತಾರಂತೆ. ಯಜಮಾನರಿಗೆ ಹೇಳಿಲ್ಲ. ನಿದ್ದೆ ಹತ್ತುತ್ತಿಲ್ಲ.
– ಓದುಗಿ, ಹಾವೇರಿ

ಉತ್ತರ: ತಂಗಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ನಾಳೆ ಇನ್ನೊಂದು ಶುಲ್ಕದ ಹೆಸರು ಹೇಳುತ್ತಾರೆ.

ನೀವು ಕಳಿಸಿದ ನೋಟಿಸನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. ಮೇಲೆ ಸಿಂಹಲಾಂಛನ, ಕೆಳಗೆ ಕೆಂಪು ಮೊಹರು. ಯಾವ ಊರಿನ ಕೋರ್ಟು ಎಂದಿಲ್ಲ, ಕೇಸ್ ನಂಬರಿಲ್ಲ. ನಿಮ್ಮ ಹೆಸರಿನ ಅಕ್ಷರ ಮಾತ್ರ ಉಳಿದ ಸಾಲಿಗಿಂತ ದಪ್ಪ, ಸ್ವಲ್ಪ ಓರೆ. ಬೇರೆ ಯಾರದೋ ಹೆಸರು ಅಳಿಸಿ ನಿಮ್ಮದನ್ನು ಕೂರಿಸಿದ್ದಾರೆ. ಕೊನೆಯಲ್ಲಿರುವ ‘ವಕೀಲರ’ ಫೋನ್ ನಂಬರೂ, ಮೊದಲ ದಿನ ನಿಮಗೆ ಕೆಲಸ ಕೊಟ್ಟ ಹುಡುಗಿಯ ನಂಬರೂ ಒಂದೇ. ನಿಜವಾದ ದಾವೆಗೆ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಕೇಸಿನ ವಿವರ ಕಾಣುತ್ತದೆ. ಟೈಪಿಂಗ್‌ನಲ್ಲಿ ತಪ್ಪಾದರೆ ಅದು ಅಪರಾಧವೂ ಅಲ್ಲ. ಕರಾರು ನಿಜವಾಗಿದ್ದು, ಮುರಿದಿದ್ದರೂ ಅದು ಸಿವಿಲ್ ವಿಷಯ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ, ಎದುರಿನವರು ಬಾಯಿಗೆ ಬಂದಂತೆ ಬರೆದುಕೊಂಡ ದಂಡವನ್ನಲ್ಲ.

ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ ಎಂದೇ ನನ್ನ ಅನಿಸಿಕೆ. ಈ ದಂಧೆ ನಡೆಯುವುದೇ ಹೀಗೆ. ಓದಲಾಗದಷ್ಟು ಮಸುಕಾದ ಚಿತ್ರ ಕೊಡುತ್ತಾರೆ, ಕೊನೆಯ ದಿನ ಅವರ ವೆಬ್‌ಸೈಟ್ ತೆರೆಯುವುದೇ ಇಲ್ಲ, ತೆರೆದರೂ ನಿಖರತೆ ಸಾಲದೆಂಬ ವರದಿ ಮೊದಲೇ ಸಿದ್ಧವಿರುತ್ತದೆ. ಅವರಿಗೆ ಬೇಕಿದ್ದುದು ನೀವು ಟೈಪ್ ಮಾಡಿದ ಫಾರಂ ಅಲ್ಲ, ನಿಮ್ಮ ಹೆದರಿಕೆ. ಐದು ರಾತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಟೈಪ್ ಮಾಡಿದ ತಾಯಿಗೆ ಹೀಗೆ ಮಾಡುವವರನ್ನು ನೆನೆದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಮೆಸೇಜು ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ ದೂರು ಕೊಡಿ. ಆಮೇಲೆ ಆ ನಂಬರನ್ನು ಬ್ಲಾಕ್ ಮಾಡಿ. ಆಧಾರ್ ಕೊಟ್ಟಿರುವುದರಿಂದ ಬಯೋಮೆಟ್ರಿಕ್ ಲಾಕ್ ಹಾಕಿಸಿ. ಯಜಮಾನರಿಗೆ ಇವತ್ತೇ ಹೇಳಿ. ನೀವು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ಧೈರ್ಯದಲ್ಲೇ ಅವರು ಸಂಜೆಯ ಗಡುವು ಕೊಟ್ಟಿರುವುದು.

ಪ್ರಶ್ನೆ: ಟೆಲಿಗ್ರಾಂನಲ್ಲಿ ‘ಪೇಮೆಂಟ್ ಪ್ರೊಸೆಸಿಂಗ್’ ಎಂಬ ಪಾರ್ಟ್‌ಟೈಮ್ ಕೆಲಸ ಸಿಕ್ಕಿದೆ. ನನ್ನ ಖಾತೆಗೆ ಬಂದ ಹಣವನ್ನು ಅವರು ಹೇಳಿದ ಖಾತೆಗೆ ಕಳಿಸಿದರೆ ನೂರಕ್ಕೆ ಎರಡು ರೂಪಾಯಿ. ನಾನಂತೂ ಏನೂ ಕೊಡಬೇಕಿಲ್ಲ. ಮಾಡಬಹುದೇ?
– ಡಿಗ್ರಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಮೇಲಿನ ತಂಗಿಯಂಥವರಿಂದ ಕಿತ್ತ ದುಡ್ಡೇ ನಿಮ್ಮ ಖಾತೆಗೆ ಬಂದು ಹೋಗುವುದು. ದೂರು ದಾಖಲಾದರೆ ಪೊಲೀಸರಿಗೆ ಮೊದಲು ಸಿಗುವ ಹೆಸರು ನಿಮ್ಮದು. ಈಗಾಗಲೇ ಹಣ ಬಂದಿದ್ದರೆ ಮುಟ್ಟಬೇಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಮ್ಮ ಮಗನಿಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ತಿಂಗಳಿಗೆ 80,000 ಸಂಬಳ ಎಂದು ಏಜೆಂಟ್ ಹೇಳುತ್ತಿದ್ದಾನೆ. ಒಂದೂವರೆ ಲಕ್ಷ ಕೇಳಿದ್ದಾನೆ. ಈಗ ಟೂರಿಸ್ಟ್ ವೀಸಾ, ಅಲ್ಲಿ ಹೋದ ಮೇಲೆ ಬದಲಾಯಿಸಿ ಕೊಡುತ್ತಾರಂತೆ. ಟಿಕೆಟ್ ಆಗಿದೆ. ಹೊಲ ಅಡ ಇಟ್ಟು ಅರ್ಧ ಕೊಟ್ಟಿದ್ದೇನೆ.
– ರೈತ, ಕಲಬುರಗಿ ಜಿಲ್ಲೆ

ಉತ್ತರ: ಅಣ್ಣಾ, ಹುಡುಗನನ್ನು ವಿಮಾನ ಹತ್ತಿಸಬೇಡಿ.

ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ಮೇ ಸಾಟ್ ಎಂಬ ಗಡಿ ಊರಿಗೆ ಒಯ್ದು, ಹೊಳೆ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಗೆ ಸೇರಿಸಿದ ಪ್ರಕರಣಗಳು ಬಹಳ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಎತ್ತರದ ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ. 2025ರ ಮಾರ್ಚಿನಲ್ಲಿ ಇಂಥ ತಾಣಗಳಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ನಿಮ್ಮ ಜಿಲ್ಲೆಯದೇ ಸಂಗತಿ ನಿಮಗೂ ನೆನಪಿರಬೇಕು: ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸವೆಂದು ಹೋದ ಹುಡುಗರು ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡು, 2024ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು.

ಟೂರಿಸ್ಟ್ ವೀಸಾದಲ್ಲಿ ಹೋಗಿ ದುಡಿಯುವುದು ಕಾನೂನುಬಾಹಿರ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿ.ಎಸ್.ಟಿ. ನಿಮ್ಮಿಂದ ಕೇಳಿರುವುದು ಅದರ ಐದು ಪಟ್ಟು. ಮಗನಿಗೆ ಹೇಳಿ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಆ ಏಜೆಂಟನ ಲೈಸೆನ್ಸ್ ನಂಬರ್ ಹಾಕಿಸಿ ನೋಡಿ. 1800 11 3090ಕ್ಕೆ ಕರೆ ಮಾಡಿದರೂ ಮಾಹಿತಿ ಕೊಡುತ್ತಾರೆ, ಕರೆಗೆ ದುಡ್ಡಿಲ್ಲ.

ಉಳಿದರ್ಧ ಹಣ ಕೊಡಬೇಡಿ. ಕೊಟ್ಟದ್ದಕ್ಕೆ ಚೀಟಿ, ಫೋನ್‌ಪೇ ದಾಖಲೆ ಏನಿದೆಯೋ ಎಲ್ಲ ಹಿಡಿದುಕೊಂಡು ನಾಳೆ ಬೆಳಗ್ಗೆಯೇ ಠಾಣೆಗೆ ಹೋಗಿ. ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಈ ರಾತ್ರಿಯೇ 1930ಕ್ಕೆ ಫೋನ್ ಮಾಡಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯಲು ಸಾಧ್ಯ. ಟಿಕೆಟ್ ದುಡ್ಡು ಹೋದರೆ ಹೋಗಲಿ. ಪಾಸ್‌ಪೋರ್ಟ್ ಏಜೆಂಟನ ಕೈಯಲ್ಲಿದ್ದರೆ ಅದನ್ನೂ ದೂರಿನಲ್ಲಿ ಬರೆಸಿ.